ಸೈಲೆನ್ಸರ್ ಬಿಚ್ಚಿದರೆ ಪಿಕಪ್: ಈ ನಂಬಿಕೆ ಎಲ್ಲಿಂದ ಬಂತು?

ಭಾನುವಾರ ಆಗುಂಬೆ ಘಾಟಿಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಸೈಲೆನ್ಸರ್ ಬಿಚ್ಚಿಸಿದ ಬೈಕ್ ಕಾಣುವ ಮೊದಲೇ ಅದರ ಸದ್ದು ಬರುತ್ತದೆ. ಆದರೆ ಹೇರ್‌ಪಿನ್‌ಗೆ ಬಂದಾಗ ಆ ಗಾಡಿಯೇ ತಿಣುಕುತ್ತದೆ. ಸೆಕೆಂಡ್ ಗೇರ್ ಸಾಲದೆ ಫಸ್ಟ್‌ಗೆ ಇಳಿಸಬೇಕು. ಅದರ ಹಿಂದೆ ಬಂದ ಹಳೇ ಗಾಡಿ, ಇಬ್ಬರನ್ನು ಕೂರಿಸಿಕೊಂಡು, ಕಂಪನಿ ಸೈಲೆನ್ಸರ್‌ನಲ್ಲೇ ಸುಮ್ನೆ ಹತ್ತಿ ಹೋಗುತ್ತದೆ.

ಸೈಲೆನ್ಸರ್ ಬಿಚ್ಚಿದರೆ ಪಿಕಪ್ ಅನ್ನೋ ನಂಬಿಕೆಯ ಬೇರು ಟೂ ಸ್ಟ್ರೋಕ್ ಕಾಲದಲ್ಲಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ, ಆಮೇಲೆ ಬಂದ ಯಮಹಾ ಆರ್‌ಎಕ್ಸ್ 100 ಎಲ್ಲವೂ ಪೆಟ್ರೋಲ್ ಜೊತೆ ಆಯಿಲ್ ಸುಡುತ್ತಿದ್ದವು. ಸೈಲೆನ್ಸರ್ ಒಳಗೆ ಮಸಿ ಕಟ್ಟಿ ಗಾಡಿ ಉಸಿರುಗಟ್ಟುತ್ತಿತ್ತು. ಮೆಕ್ಯಾನಿಕ್ ಒಳಗಿನ ಕೊಳವೆ ಎಳೆದು, ಬೆಂಕಿಗೆ ಹಾಕಿ, ಕೆರೆದು ಮತ್ತೆ ತೂರಿಸಿದರೆ ಪಿಕಪ್ ವಾಪಸ್. ಕೆಲವರು ಕೊಳವೆ ವಾಪಸ್ ಹಾಕಿಸುತ್ತಲೇ ಇರಲಿಲ್ಲ. ಒಳಗಿರುವುದೆಲ್ಲ ಅಡ್ಡಿ ಅನ್ನೋ ಪಾಠ ನಾವು ಕಲಿತದ್ದು ಅಲ್ಲೇ ಅಂತ ನನಗನಿಸುತ್ತದೆ.

ಆರ್‌ಎಕ್ಸ್ 100 ಬಂದ 1985ರಲ್ಲೇ ಹೀರೋ ಹೋಂಡಾ ಸಿಡಿ 100 ಕೂಡ ಬಂತು. ಅದು ಫೋರ್ ಸ್ಟ್ರೋಕ್, ಪೆಟ್ರೋಲ್ ಜೊತೆ ಆಯಿಲ್ ಸುಡುವುದಿಲ್ಲ. ಮುಂದೆ ಹೊಗೆ ನಿಯಮ ಬಿಗಿಯಾಗುತ್ತ ಟೂ ಸ್ಟ್ರೋಕ್ ಬೈಕ್‌ಗಳು ಷೋರೂಮ್ ಬಿಟ್ಟವು. ಪಾಠ ಮಾತ್ರ ಹಾಗೇ ಉಳಿಯಿತು.

ಫೋರ್ ಸ್ಟ್ರೋಕ್‌ನ ಲೆಕ್ಕ ಬೇರೆ. ಸುಟ್ಟ ಗಾಳಿ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆದ ಕೂಡಲೇ ಬಿಸಿ ಗಾಳಿಯ ಒತ್ತಡದ ಅಲೆಯೊಂದು ಪೈಪಿನಲ್ಲಿ ಓಡುತ್ತದೆ. ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಪೈಪಿನ ಬಾಯಿ ಮುಟ್ಟಿದ ಅಲೆ ಎಳೆತವಾಗಿ ಹಿಂದಕ್ಕೆ ಬರುತ್ತದೆ. ಈ ವಾಲ್ವ್, ಹೊಸ ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್ ಎರಡೂ ಒಟ್ಟಿಗೆ ಸ್ವಲ್ಪ ತೆರೆದಿರುವ ಆ ಗಳಿಗೆಗೆ ಸರಿಯಾಗಿ ಅದು ತಲುಪಿದರೆ, ಸುಟ್ಟ ಗಾಳಿಯನ್ನು ಹೊರಗೆಳೆದು ಹೊಸ ಗಾಳಿಗೆ ದಾರಿ ಮಾಡುತ್ತದೆ. 6000 ಆರ್‌ಪಿಎಂನಲ್ಲಿ (ಅಂದರೆ ನಿಮಿಷಕ್ಕೆ 6000 ಸುತ್ತು) ಎಂಜಿನ್ ತಿರುಗಿಸುವ ಕ್ರ್ಯಾಂಕ್ ಸೆಕೆಂಡಿಗೆ 100 ಸುತ್ತು, 3000ದಲ್ಲಿ 50. ಅಲೆಯ ವೇಗ ಮಾತ್ರ ಅಷ್ಟು ಬದಲಾಗುವುದಿಲ್ಲ. ಹಾಗಾಗಿ ಒಂದು ನಿರ್ದಿಷ್ಟ ಉದ್ದದ ಪೈಪ್ ಒಂದು ಆರ್‌ಪಿಎಂ ಆಸುಪಾಸಿನಲ್ಲಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಗಿಡ್ಡ ಮಾಡಿದರೆ ಆ ಜಾಗ ಮೇಲಕ್ಕೆ ಹೋಗುತ್ತದೆ. ಇನ್‌ಟೇಕ್ ಕಡೆಯೂ ಹೀಗೇ. ಉದ್ದನೆ ಕೊಳವೆ ಕಡಿಮೆ ಆರ್‌ಪಿಎಂಗೆ, ಗಿಡ್ಡದ್ದು ಜಾಸ್ತಿಗೆ. ಹೈವೇ ಪಟ್ಟಿಯಲ್ಲಿ ಗಿಡ್ಡ ಪೈಪ್ ಚೆಂದ ಇರಬಹುದು. ಘಾಟಿ ಹತ್ತುವಾಗ ಬೇಕಾದದ್ದು ಕಡಿಮೆ ಆರ್‌ಪಿಎಂನ ಪುಲ್ಲಿಂಗ್ ಅಲ್ವಾ?

2000ರ ದಶಕದಲ್ಲಿ ಬಜಾಜ್ ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪಿಗೆ ಸಣ್ಣ ಡಬ್ಬಿಯೊಂದನ್ನು ಸೇರಿಸಿ ಎಕ್ಸಾಸ್‌ಟೆಕ್ ಅಂತ ಕರೆಯಿತು. ಅದು ಇದ್ದದ್ದೇ ಈ ಪುಲ್ಲಿಂಗ್‌ಗಾಗಿ. ಅದನ್ನೂ ಕತ್ತರಿಸಿ ವೆಲ್ಡಿಂಗ್ ಮಾಡಿಸಿದವರಿದ್ದಾರೆ.

ನಾನು ಚೆನ್ನಾಗಿ ಬಲ್ಲದ್ದು ಆ ಕಾರ್ಬುರೇಟರ್ ದಿನಗಳು. ಕಾಲೇಜಿನಲ್ಲಿದ್ದಾಗ ನಾನೂ ಗಿಡ್ಡ ಹಾಫ್ ಸೈಲೆನ್ಸರ್, ತೆರೆದ ಕೋನ್ ಏರ್ ಫಿಲ್ಟರ್ ಎರಡನ್ನೂ ಹಾಕಿಸಿದ್ದೆ. ಗಾಳಿ ಜಾಸ್ತಿಯಾಯಿತು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತು, ಅಂದರೆ ಜೆಟ್, ಮಾತ್ರ ಹಳೆಯದು. ಆಕ್ಸಿಲರೇಟರ್ ಬಿಟ್ಟಾಗೆಲ್ಲ ಪಟ್ ಪಟ್ ಸಿಡಿತ. ಅದನ್ನೇ ಪವರ್ ಅಂದುಕೊಂಡಿದ್ದೆ! ಸಾಗರ ರಸ್ತೆಯ ಗ್ಯಾರೇಜೊಂದರಲ್ಲಿ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟರು. ತುದಿ ಸುಣ್ಣದ ಹಾಗೆ ಬಿಳಿ. ಪೆಟ್ರೋಲ್ ಸಾಲದೆ ಎಂಜಿನ್ ಕಾದಿದೆ ಅಂತ ಅರ್ಥ. ಕಾಫಿ ಬಣ್ಣಕ್ಕೆ ಬರಬೇಕಂತೆ. ಒಂದು ಅಳತೆ ದೊಡ್ಡ ಮೇನ್ ಜೆಟ್ ಹಾಕಿ, ಕಾರ್ಬುರೇಟರ್ ಸೂಜಿಯನ್ನು ಒಂದು ಕಚ್ಚು ಮೇಲೆತ್ತಿ, ಮತ್ತೆ ಪ್ಲಗ್ ನೋಡಿ, ಮೂರು ಸಂಜೆ ಹೋಯಿತು. ಬಣ್ಣ ಬಂತು. ಜೂನ್ ಮಳೆಯಲ್ಲಿ ಕೋನ್ ಫಿಲ್ಟರ್ ನೀರು ಕುಡಿದು ಗಾಡಿ ಮತ್ತೆ ನಿಂತಿತು.

2020ರ ಏಪ್ರಿಲ್‌ನಿಂದ ಬಿಎಸ್ 6 ಅನ್ನೋ ಹೊಗೆ ನಿಯಮ. ಈಗ ಜೆಟ್ ಬದಲು ಇಂಜೆಕ್ಟರ್, ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್, ಒಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್. ಪೈಪ್ ಬದಲಿಸಿದರೆ ಸೆನ್ಸರ್ ಹೇಳಿದಂತೆ ಎಂಜಿನ್ನಿನ ಕಂಪ್ಯೂಟರ್ ಒಂದು ಮಿತಿಯವರೆಗೆ ಪೆಟ್ರೋಲ್ ಸರಿದೂಗಿಸುತ್ತದೆ, ಆಚೆಗೆ ಮೀಟರಿನಲ್ಲಿ ಹಳದಿ ದೀಪ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಸದ್ದು, ಹೊಗೆಯ ನಿಯಮ ಮೀರಿದರೆ ದಂಡ 10,000 ರೂಪಾಯಿವರೆಗೂ ಹೋಗಬಹುದು. ಹಲವು ಊರುಗಳಲ್ಲಿ ಪೊಲೀಸರು ಕಿತ್ತ ಸೈಲೆನ್ಸರ್‌ಗಳ ಮೇಲೆ ರೋಡ್‌ರೋಲರ್ ಹತ್ತಿಸಿದ್ದನ್ನೂ ನೋಡಿದ್ದೇವೆ. ಅಲೆಯ ಲೆಕ್ಕ ಹುಡುಗರಿಗೆ ಯಾರಾದರೂ ಹೇಳಿಕೊಟ್ಟದ್ದು ಮಾತ್ರ ನಾನು ನೋಡಿಲ್ಲ.

ನನ್ನ ಬೈಕಿನ ಹಳೇ ಸೈಲೆನ್ಸರ್ ವರ್ಷಗಟ್ಟಲೆ ಅಟ್ಟದ ಮೇಲೆ ಅಡಿಕೆ ಚೀಲಗಳ ಮಧ್ಯೆ ಬಿದ್ದಿತ್ತು. ಗಾಡಿ ಮಾರುವಾಗ ಬಂದವರು ಮೊದಲು ಕೇಳಿದ್ದೇ ಅದನ್ನು: "ಕಂಪನಿದು ಇಟ್ಟಿದೀರಾ?"