ಮುದ್ದೆ ಗಂಟಲಲ್ಲಿ ನಿಲ್ಲುವ ಮೊದಲೇ

ಬೆಂಗಳೂರಿನ ಸುತ್ತಮುತ್ತ ಅನ್ನನಾಳದ ಕ್ಯಾನ್ಸರ್ ಎಷ್ಟೋ ಸಲ ಒಂದೇ ಮಾತಿನಿಂದ ಶುರುವಾಗುತ್ತದೆ: "ಯಾಕೋ ಮುದ್ದೆ ಇಳೀತಿಲ್ಲ." ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ನಾಳ ಕಿರಿದಾದರೆ ಮೊದಲು ನಿಲ್ಲುವುದು ಅದೇ. ಮನೆಯವರು ಮುದ್ದೆ ಬಿಡಿಸಿ ಅನ್ನ ಬಡಿಸುತ್ತಾರೆ, ಆಮೇಲೆ ಗಂಜಿ. ಹಾಗೇ ತಿಂಗಳುಗಳು ಕಳೆಯುತ್ತವೆ. ಅನ್ನನಾಳ ಹಿಗ್ಗುವ ಗುಣದ್ದು. ಅರ್ಧಕ್ಕಿಂತ ಜಾಸ್ತಿ ಮುಚ್ಚುವವರೆಗೂ ಸುಳಿವೇ ಸಿಗದಿರಬಹುದು.

ಕಾಯಿಲೆಯ ಹೆಸರು ಕೇಳಿದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ: ಆಪರೇಷನ್ ಇಲ್ಲದೆ ವಾಸಿಯಾಗಲ್ವಾ?

ಈ ಭಯ ಸುಮ್ನೆ ಹುಟ್ಟಿದ್ದಲ್ಲ. 1913ರಲ್ಲಿ ನ್ಯೂಯಾರ್ಕ್‌ನಲ್ಲಿ ಫ್ರಾಂಜ್ ಟೋರೆಕ್ ಎಂಬ ಸರ್ಜನ್ ಒಬ್ಬ ಮಹಿಳೆಯ ಎದೆ ತೆರೆದು ಗೆಡ್ಡೆಯಿದ್ದ ಭಾಗ ತೆಗೆದರು. ನಾಳವನ್ನು ಒಳಗೆ ಮತ್ತೆ ಜೋಡಿಸಲಿಲ್ಲ. ಕತ್ತಿನ ಬಳಿಯಿಂದ ಹೊಟ್ಟೆಗೆ ಮೈಯ ಹೊರಗಿನಿಂದಲೇ ಒಂದು ರಬ್ಬರ್ ಕೊಳವೆ ಹಾಕಿದರು. ಆಕೆ ಅದರ ಮೂಲಕವೇ ಊಟ ಮಾಡುತ್ತಾ ಹತ್ತು ವರ್ಷಕ್ಕೂ ಜಾಸ್ತಿ ಬದುಕಿದರು. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅಲ್ಲಿಯವರೆಗಿನ ವರದಿಗಳನ್ನೆಲ್ಲ ಒಟ್ಟುಮಾಡಿದ 1980ರ ಒಂದು ಪರಿಶೀಲನೆ ಪ್ರಕಾರ, ಅನ್ನನಾಳದ ಗೆಡ್ಡೆ ತೆಗೆಯುವ ಆಪರೇಷನ್ ಆದ 100 ಮಂದಿಯಲ್ಲಿ ಸುಮಾರು 29 ಮಂದಿ ಅದರಿಂದಲೇ ತೀರಿಕೊಂಡಿದ್ದರು. ಈಗ ಆ ಸಂಖ್ಯೆ ತುಂಬಾ ಇಳಿದಿದೆ. ಆದರೂ ಇದು ದೊಡ್ಡ ಆಪರೇಷನ್ನೇ.

ಬೇರೆ ದಾರಿ ಸಿಕ್ಕಿದ್ದು ಮುಖ್ಯವಾಗಿ ಜಪಾನಿನಲ್ಲಿ. ಅನ್ನನಾಳದ ಗೋಡೆಯಲ್ಲಿ ಪದರಗಳಿವೆ. ಕ್ಯಾನ್ಸರ್ ನಾಳದ ಒಳಮೈಯ ತೆಳು ಪದರದಲ್ಲೇ ಇದ್ದರೆ ಅದು ದುಗ್ಧಗ್ರಂಥಿಗಳಿಗೆ (ಲಿಂಫ್ ಗಂಟುಗಳಿಗೆ) ಹರಡುವುದು ತೀರಾ ಅಪರೂಪ. ಅದರ ಕೆಳಗಿನ ಪದರಕ್ಕೆ ಇಳಿದರೆ ಅಪಾಯ ಏರುತ್ತಾ ಹೋಗುತ್ತದೆ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಆಳವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೇಲೇ ಇರುವ ಗೆಡ್ಡೆಗೆ ಎದೆ ಯಾಕೆ ತೆರೆಯಬೇಕು, ಅಲ್ವಾ?

ಮೊದಲು ಅದು ಕಾಣಬೇಕು. ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿಯಲ್ಲಿ ಅಯೋಡಿನ್ ಸಿಂಪಡಿಸಿದರೆ ಆರೋಗ್ಯವಾದ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ, ಕಾಯಿಲೆಯ ಜಾಗ ಬಿಳಿಚಿಕೊಂಡೇ ಉಳಿಯುತ್ತದೆ. 1990ರ ದಶಕದಲ್ಲಿ ಆ ಜಾಗವನ್ನು ಎಂಡೋಸ್ಕೋಪ್ ತುದಿಯ ಟೋಪಿಯೊಳಗೆ ಎಳೆದುಕೊಂಡು ತಂತಿಯ ಕುಣಿಕೆಯಿಂದ ಕತ್ತರಿಸುವುದು ಬಂತು. ದೊಡ್ಡ ಗೆಡ್ಡೆ ಇದರಲ್ಲಿ ತುಂಡು ತುಂಡಾಗುತ್ತಿತ್ತು. ಅದಕ್ಕೆ ಇನ್ನೊಂದು ವಿಧಾನ ಬೆಳೆಯಿತು. ಪದರದ ಕೆಳಗೆ ದ್ರವ ಚುಚ್ಚಿ ಉಬ್ಬಿಸಿ, ಪುಟ್ಟ ಚಾಕುವಿನಿಂದ ಸುತ್ತ ಗೀರಿ, ಇಡಿಯಾಗಿ ಬಿಡಿಸುವುದು. ಹೊರಗೆ ಹೊಲಿಗೆಯಿಲ್ಲ, ಅನ್ನನಾಳ ಉಳಿಯುತ್ತದೆ. ರಕ್ತ ಸುರಿಯುವ, ತೂತು ಬೀಳುವ ಅಪಾಯ ಇದೆ. ಸುತ್ತಲೂ ಜಾಸ್ತಿ ತೆಗೆದರೆ ಗಾಯ ಮಾಗುವಾಗ ನಾಳ ಕಿರಿದಾಗಿ ಬಲೂನಿನಿಂದ ಹಿಗ್ಗಿಸಬೇಕಾಗಬಹುದು.

ತೆಗೆದ ಆ ಚೂರೇ ಮುಂದಿನ ದಾರಿ ಹೇಳುತ್ತದೆ. ಲ್ಯಾಬಿನಲ್ಲಿ ಅದರ ಆಳ ಅಳೆಯುತ್ತಾರೆ. ಆಳಕ್ಕಿಳಿದಿದ್ದರೆ ಆಪರೇಷನ್, ಇಲ್ಲವೇ ನಮ್ಮ ಜನ 'ಕರೆಂಟ್ ಕೊಡೋದು' ಅನ್ನುವ ರೇಡಿಯೇಷನ್ ಜೊತೆಗೆ ಕೀಮೋ. ಎರಡನ್ನೂ ಸೇರಿಸುವುದು ಯಾಕೆ ಮುಖ್ಯ ಎಂದು 1992ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗ ತೋರಿಸಿತು. ಅದರಲ್ಲಿದ್ದವರಿಗೆ ಹೆಚ್ಚಾಗಿ ಕಾಯಿಲೆ ಮುಂದುವರಿದಿತ್ತು. ಬರೀ ರೇಡಿಯೇಷನ್ ಪಡೆದವರಲ್ಲಿ ಐದು ವರ್ಷಕ್ಕೆ ಯಾರೂ ಉಳಿಯಲಿಲ್ಲ, ಎರಡೂ ಪಡೆದವರಲ್ಲಿ 100ಕ್ಕೆ 26 ಮಂದಿ ಬದುಕಿದ್ದರು. ಆರಂಭದ ಹಂತದಲ್ಲಿ ಫಲ ಇನ್ನೂ ಚೆನ್ನಾಗಿದೆ. ಮೊದಲು ಎಂಡೋಸ್ಕೋಪಿಯಿಂದ ತೆಗೆದು, ಅಗತ್ಯವಿದ್ದವರಿಗೆ ಮಾತ್ರ ಕೀಮೋ-ರೇಡಿಯೇಷನ್ ಕೊಟ್ಟ ಜಪಾನಿನ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೂರು ವರ್ಷದ ನಂತರವೂ 100ಕ್ಕೆ 90ಕ್ಕಿಂತ ಹೆಚ್ಚು ಮಂದಿ ಬದುಕಿದ್ದರು.

ಪಶ್ಚಿಮದ ದೇಶಗಳಲ್ಲಿ ಹೊಟ್ಟೆಯ ಆಮ್ಲದಿಂದ ಬದಲಾದ ಪದರವನ್ನು ಶಾಖ ಕೊಟ್ಟು ಸುಡುವುದೂ ಇದೆ. ನಮ್ಮಲ್ಲಿ ಜಾಸ್ತಿ ಇರುವುದು ಬೇರೆ ಬಗೆ. ತಂಬಾಕು, ಮದ್ಯ, ಎಲೆ-ಅಡಿಕೆ ಅದರ ಮುಖ್ಯ ಕಾರಣಗಳು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಿಂದ ಹೊಸೂರು ರಸ್ತೆಯಲ್ಲಿದೆ. ನಗರದ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತಿದೆ. ಅದರಲ್ಲಿ ಅನ್ನನಾಳದ ಕ್ಯಾನ್ಸರ್ ಹೆಂಗಸರಲ್ಲೂ ಮುಂಚೂಣಿಯಲ್ಲಿ ಕಾಣಿಸಿಕೊಂಡಿದೆ. ಕಡ್ಡಿಪುಡಿ ಹಾಕುವ ಅಜ್ಜಿಯರನ್ನು ನೆನೆದಾಗ ನನಗೆ ಇದೇ ಸಂಕಟ. ಗಂಟಲಿಗೆ ಸಿಕ್ಕಿಕೊಳ್ಳುತ್ತಿದೆ ಅಂದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಿಬಿಡುತ್ತೇವೆ.

ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಈಗಾಗಲೇ ಚಿಕಿತ್ಸೆ ಪಡೆದವರಿಗೆ ಅನ್ನನಾಳದಲ್ಲೂ ಅದು ಬರುವ ಸಂಭವ ಜಾಸ್ತಿ. ಅಂಥವರು ಮನೆಯಲ್ಲಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಕೇಳಿ: ಅನ್ನನಾಳಕ್ಕೂ ಒಂದು ಸಲ ಎಂಡೋಸ್ಕೋಪಿ ಮಾಡಿ, ಅಯೋಡಿನ್ ಹಾಕಿ ನೋಡಬೇಕಾ?