ಅಡ್ಡಹೆಸರಿನಲ್ಲೇ ಗಿಡವಿರುವ ಪತಂಗ

ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಇಂಥ ಅಡ್ಡಹೆಸರು ಕೇಳಿ ಯಾರೂ ಬೆರಗಾಗುವುದಿಲ್ಲ. ಪತಂಗಗಳಲ್ಲೂ ಈ ರೂಢಿ ಉಂಟು. 1761ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಒಂದು ಪುಟ್ಟ ಪತಂಗಕ್ಕೆ ‘ಜುನಿಪೆರೆಲ್ಲಾ’ ಎಂದು ಹೆಸರಿಟ್ಟ. ಕೊನೆಯ ‘ಎಲ್ಲಾ’ ಚಿಕ್ಕ ಪತಂಗಗಳಿಗೆಂದು ಅವನು ಹಾಕಿಕೊಟ್ಟ ಗುರುತು. ಅದರ ಹಿಂದಿರುವುದು ಜುನಿಪರ್ ಗಿಡ. ಆಯುರ್ವೇದದವರು ಹಪುಷಾ ಎನ್ನುವ ಕರಿಕಾಯಿ ಈ ಪೊದೆಯದೇ.

ಬ್ರಿಟನ್ನಿನಲ್ಲಿ ಈ ಅಪರೂಪದ ಪತಂಗದ ನೆಲೆ ಸ್ಕಾಟ್ಲೆಂಡಿನ ಗುಡ್ಡಗಾಡು. ಮರಿಹುಳ ಸೂಜಿಯಂಥ ಎಲೆಗಳ ನಡುವೆ ನೂಲು ನೇಯ್ದುಕೊಂಡು ಒಳಗೇ ಮೇಯುತ್ತದೆ. ಆದರೆ ಎಳೆಸಸಿಗಳನ್ನು ಕುರಿ, ಜಿಂಕೆ, ಮೊಲಗಳು ಉಳಿಸುತ್ತಿಲ್ಲ. ಹಳೆಯ ಪೊದೆಗಳಿಗೆ ಬೇರು ಕೊಳೆಸುವ ರೋಗ. ಬ್ರಿಟನ್ನಿನಲ್ಲಿ ಅದು ಪತ್ತೆಯಾದದ್ದು 2011ರಲ್ಲಿ.

ಪಕ್ಕದ ಪೈನ್ ಮರಕ್ಕೆ ಹೋಗಬಾರದೇ? ಪತಂಗ ಗಿಡ ಹುಡುಕುವುದು ಹೆಚ್ಚಾಗಿ ಮೀಸೆಗೆ ತಾಗುವ ವಾಸನೆಯಿಂದ. ಪೈನೀನ್ ಎಂಬ ಘಮ ಪೈನಿನಲ್ಲೂ ಇದೆ, ಜುನಿಪರಿನಲ್ಲೂ ಇದೆ. ಗುರುತು ಸಿಗುವುದು ಪ್ರಮಾಣದಲ್ಲಿ. ಮಸಾಲೆ ಖಾರ ನೆನಪಿಸಿಕೊಳ್ಳಿ: ಓಣಿಯ ಎಲ್ಲ ಮನೆಗಳಲ್ಲೂ ಅದೇ ಮೆಣಸಿನಕಾಯಿ, ಅದೇ ಕೊತ್ತಂಬರಿ ಬೀಜ, ಅದೇ ಬೆಳ್ಳುಳ್ಳಿ. ಆದರೂ ಡಬ್ಬಿ ತೆರೆದರೆ ಸಾಕು, ಇದು ನಮ್ಮವ್ವ ಕುಟ್ಟಿಸಿದ್ದು ಎಂದು ತಿಳಿಯುತ್ತದೆ. ಕೀಲಿಯ ಹಲ್ಲೂ ಹಾಗೆಯೇ. ಒಂದು ಹಲ್ಲು ಸರಿಯಿದ್ದ ಮಾತ್ರಕ್ಕೆ ಬಾಗಿಲು ತೆರೆಯದು.

ದೀಪಕ್ಕೆ ಬಂದ ಹುಳವೆಲ್ಲ ಬೆಳೆಗೇಡಿ ಎಂದು ಔಷಧಿ ಹೊಡೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸವದತ್ತಿ, ಬೈಲಹೊಂಗಲದ ಹತ್ತಿ ಹೊಲದವರು ಬಲ್ಲ ಗುಲಾಬಿ ಕಾಯಿಕೊರಕ ಈ ಜುನಿಪೆರೆಲ್ಲಾದ ಮನೆತನದ್ದೇ. ಎರಡಕ್ಕೂ ಖಿಲಾರಿ ಎತ್ತಿನ ಕೋಡಿನಂತೆ ಮುಖದ ಮುಂದೆ ಮೇಲಕ್ಕೆ ಚಾಚಿದ ಅಂಗಗಳಿವೆ. ಕಾಯಿಕೊರಕಕ್ಕೆ 1843ರಲ್ಲಿ, ಭಾರತದ ಮಾದರಿಯಿಂದಲೇ, ಕೀಟತಜ್ಞ ಸಾಂಡರ್ಸ್ ಇಟ್ಟ ಹೆಸರು ‘ಗಾಸಿಪಿಯೆಲ್ಲಾ’. ಗಾಸಿಪಿಯಂ ಅಂದರೆ ಹತ್ತಿ. ಅದೂ ತನ್ನ ಗಿಡದ ಬಳಗವನ್ನೇ ನಂಬಿದ ಜೀವ. ಅದರ ಗಿಡವನ್ನು ನಾವು ಎಕರೆಗಟ್ಟಲೆ ಬಿತ್ತಿದೆವು, ಅದು ಪೀಡೆಯಾಯಿತು. ಜುನಿಪೆರೆಲ್ಲಾದ ಗಿಡ ಕರಗುತ್ತ ಬಂತು, ಇದು ಅಪರೂಪವಾಯಿತು. ಮೂಲ ಸ್ವಭಾವ ಎರಡರದೂ ಒಂದೇ.

ಹತ್ತಿ ಹೊಲದ ಮೋಹಕ ಬಲೆಯೂ ಪ್ರಮಾಣದ ಲೆಕ್ಕದ ಮೇಲೆಯೇ ನಿಂತಿದೆ. ಕಾಯಿಕೊರಕದ ಹೆಣ್ಣು ಸೂಸುವ ಗಂಧವನ್ನು 1973ರಲ್ಲಿ ಬಿಡಿಸಿದಾಗ ಸಿಕ್ಕದ್ದು ಎರಡು ರಾಸಾಯನಿಕಗಳು, ಹೆಚ್ಚುಕಡಿಮೆ ಸಮಪಾಲಿನಲ್ಲಿ. ಅದೇ ಪಾಕ ಸವರಿದ ರಬ್ಬರ್ ತುಂಡು ಬಲೆಯಲ್ಲಿ ತೂಗುತ್ತಿದ್ದರೆ, ರಾತ್ರಿ ಗಾಳಿಗೆದುರಾಗಿ ಹಾರಿ ಬರುವುದು ಕಾಯಿಕೊರಕದ ಗಂಡು.