ಒಂದು ಕಾಳಿಗೆ ಎರಡು ನಿಷೇಚನ: ಮೆಕ್ಕೆಜೋಳ, ತೆಂಗು ಮತ್ತು ಪರೀಕ್ಷೆಯ ಒಂದು ಲೆಕ್ಕ

ಗಂಡು ಲಿಂಗಾಣುವೂ ಹೆಣ್ಣು ಲಿಂಗಾಣುವೂ ಬೆರೆತು ಯುಗ್ಮಜವಾಗುವುದೇ ನಿಷೇಚನ. ಪ್ರಾಣಿಗಳ ಬಗ್ಗೆ ಕೇಳಿದರೆ ಇಷ್ಟು ಸಾಕು. ಹೂಬಿಡುವ ಸಸ್ಯಗಳ ಬಗ್ಗೆ ಕೇಳಿದರೆ ಇದು ಅರ್ಧ ಉತ್ತರ. ಅಲ್ಲಿ ಒಂದೇ ಅಂಡಕದೊಳಗೆ (ಮುಂದೆ ಬೀಜವಾಗುವ ಭಾಗ) ಎರಡು ಸಂಯೋಗಗಳು ನಡೆಯುತ್ತವೆ. 1898ರಲ್ಲಿ ರಷ್ಯಾದ ಸೆರ್ಗೈ ನವಾಶಿನ್ ಲಿಲ್ಲಿ ಕುಟುಂಬದ ಹೂಗಳಲ್ಲಿ ಇದನ್ನು ಕಂಡುಹಿಡಿದರು.

ದಾವಣಗೆರೆ, ಹಾವೇರಿ ಕಡೆಯವರಿಗೆ ಮೆಕ್ಕೆಜೋಳಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಗಿಡದ ತುದಿಯ ಸೂಲಂಗಿ ಗಂಡು ಹೂಗೊಂಚಲು. ಕಾಂಡದ ನಡುವಿನ ತೆನೆ ಹೆಣ್ಣು. ತೆನೆಯಿಂದ ಇಳಿಬೀಳುವ ರೇಷ್ಮೆಯಂಥ ಒಂದೊಂದು ಎಳೆಯೂ ಒಂದೊಂದು ಅಂಡಾಶಯದಿಂದ ಹೊರಟದ್ದು. ಗಾಳಿಯಲ್ಲಿ ಬಂದ ಪರಾಗ ಎಳೆಯ ಮೇಲೆ ಕೂತರೆ ಅದು ಪರಾಗಸ್ಪರ್ಶ ಅಷ್ಟೇ, ನಿಷೇಚನವಲ್ಲ. ಈ ಎರಡನ್ನು ಕಲಸಿ ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಪರಾಗದಿಂದ ಹೊರಟ ನಳಿಕೆ ಎಳೆಯೊಳಗೆ ಕೆಲವೊಮ್ಮೆ ಒಂದು ಅಡಿಯಷ್ಟು ದೂರ ಬೆಳೆಯುತ್ತಾ ಹೋಗಿ, ಸುಮಾರು ಒಂದು ದಿನದೊಳಗೆ ಅಂಡಕ ತಲುಪುತ್ತದೆ. ತೆನೆ ಸುಲಿದಾಗ ಅಲ್ಲಲ್ಲಿ ಕಾಳಿಲ್ಲದೆ ಬೋಳಾಗಿ ಕಾಣುವ ಜಾಗಗಳಲ್ಲಿ ಎಷ್ಟೋ ಸಲ ಆಗಿರುವುದು ಇಷ್ಟೇ: ಆ ಎಳೆಗೆ ಪರಾಗ ಸಿಕ್ಕಿಲ್ಲ.

ಅಂಡಕದೊಳಗಿನ ಭ್ರೂಣಚೀಲದಲ್ಲಿ ಅಂಡಾಣುವಿನ (ಹೆಣ್ಣು ಲಿಂಗಾಣು) ಪಕ್ಕ ಎರಡು ಸಹಾಯಕ ಕೋಶಗಳಿರುತ್ತವೆ. ನಳಿಕೆಯನ್ನು ರಾಸಾಯನಿಕಗಳ ಮೂಲಕ ಕರೆಯುವುದು ಇವುಗಳ ಕೆಲಸ. ನಳಿಕೆ ಅವುಗಳಲ್ಲೊಂದರೊಳಗೆ ನುಗ್ಗಿ ಒಡೆದು ಎರಡು ಗಂಡು ಲಿಂಗಾಣುಗಳನ್ನು ಸುರಿಯುತ್ತದೆ. ಒಂದು (10 ವರ್ಣತಂತು) ಅಂಡಾಣುವಿನೊಂದಿಗೆ (10) ಸೇರಿ 20 ವರ್ಣತಂತುಗಳ ಯುಗ್ಮಜವಾಗುತ್ತದೆ. ಇದೇ ಮುಂದೆ ಭ್ರೂಣ. ಇನ್ನೊಂದು ಮಧ್ಯಕೋಶದ ಎರಡು ಧ್ರುವ ಕೋಶಕೇಂದ್ರಗಳೊಂದಿಗೆ (10+10) ಸೇರಿ 30 ಆಗುತ್ತದೆ. ಇದು ಭ್ರೂಣಪೋಷ, ಅಂದರೆ ನಾವು ಹಿಟ್ಟು ಮಾಡಿ ತಿನ್ನುವ ಭಾಗ.

ಭ್ರೂಣಪೋಷದಲ್ಲಿ ತಂದೆಯ ಪಾಲೂ ಇದೆ ಎಂಬುದಕ್ಕೆ ಸಾಕ್ಷಿ ಹೊಲದಲ್ಲೇ ಸಿಗುತ್ತದೆ. ಬಿಳಿ ಮೆಕ್ಕೆಜೋಳದ ಪಕ್ಕ ಹಳದಿ ತಳಿ ಬಿತ್ತಿದರೆ, ಬಿಳಿ ತಳಿಯ ತೆನೆಯಲ್ಲಿ ಅದೇ ಹಂಗಾಮಿನಲ್ಲಿ ಹಳದಿ ಕಾಳುಗಳು ಮೂಡುತ್ತವೆ. ಕಾಳಿನ ಹೊರಸಿಪ್ಪೆ ಮಾತ್ರ ಪೂರ್ತಿ ತಾಯಿಯದು, ಅದು ಬದಲಾಗುವುದಿಲ್ಲ.

ಇಷ್ಟೆಲ್ಲ ಏಕೆ? ನನಗೆ ಒಪ್ಪಿಗೆಯಾಗುವ ವಿವರಣೆ ಮಿತವ್ಯಯದ್ದು. ಕೋಳಿ ಮೊಟ್ಟೆಯ ಹಳದಿ ನಿಷೇಚನಕ್ಕೂ ಮೊದಲೇ ತುಂಬಿರುತ್ತದೆ; ಹುಂಜವಿಲ್ಲದ ಫಾರಂ ಕೋಳಿಯೂ ಮೊಟ್ಟೆ ಇಡುವುದು ಅದಕ್ಕೇ. ಪೈನ್ ಮರದಲ್ಲೂ ಪೋಷಕ ಅಂಗಾಂಶ ಮೊದಲೇ ಸಿದ್ಧ, ಅದು ಏಕಗುಣಿತ (ವರ್ಣತಂತುಗಳ ಒಂದೇ ಗಣ). ಹೂಗಿಡವಾದರೋ ನಿಷೇಚನವಾದ ಮೇಲಷ್ಟೇ ಆಹಾರ ಕೂಡಿಡಲು ಶುರುಮಾಡುತ್ತದೆ.

ತೆಂಗಿನಲ್ಲಿ ಭ್ರೂಣಪೋಷ ಎರಡು ರೂಪದಲ್ಲಿದೆ. ಕೋಶಕೇಂದ್ರಗಳು ಒಡೆಯುತ್ತಾ ಹೋದರೂ ನಡುವೆ ಕೋಶಭಿತ್ತಿ ಮೂಡದಿದ್ದ ಭಾಗ ಎಳನೀರು. ಭಿತ್ತಿ ಮೂಡಿ ಗಟ್ಟಿಯಾದದ್ದು ಕಾಯಿಯ ತಿರುಳು. ಭ್ರೂಣ ಎಲ್ಲಿ ಎಂದು ಕೇಳಿದರೆ ಚಿಪ್ಪಿನ ಮೂರು ಕಣ್ಣುಗಳಲ್ಲಿ ಮೆತ್ತಗಿರುವುದರ ಕೆಳಗೆ ನೋಡಿ: ತಿರುಳಿನಲ್ಲಿ ಹುದುಗಿದ ಪುಟ್ಟ ಬಿಳಿ ಗೂಟ. ಕಡಲೆ, ಅವರೆಗಳಲ್ಲಿ ಎಚ್ಚರ! ಅಲ್ಲಿ ಭ್ರೂಣವೇ ಭ್ರೂಣಪೋಷವನ್ನು ತಿಂದು ಮುಗಿಸಿರುತ್ತದೆ. ಎರಡು ಹೋಳುಗಳು ಬೀಜದಳಗಳು, ಹಾಗಾಗಿ ದ್ವಿಗುಣಿತ (ಎರಡು ಗಣ).

ಕೊನೆಗೆ ಲೆಕ್ಕ. ಮೆಕ್ಕೆಜೋಳದ ತಾಯಿ ಗಿಡ ಚತುರ್ಗುಣಿತ (ನಾಲ್ಕು ಗಣ, 40), ತಂದೆ ದ್ವಿಗುಣಿತ (20) ಆದರೆ ಭ್ರೂಣ 20+10=30, ಭ್ರೂಣಪೋಷ 40+10=50. ತಿರುಗಿಸಿ: ಭ್ರೂಣ 10+20, ಮತ್ತೆ 30; ಭ್ರೂಣಪೋಷ ಮಾತ್ರ 20+20=40. ಭ್ರೂಣದ ಸಂಖ್ಯೆ ಎರಡರಲ್ಲೂ ಒಂದೇ. ಆದರೂ ಮೆಕ್ಕೆಜೋಳದಲ್ಲಿ ಇಂಥ ಸಂಕರದ ಕಾಳುಗಳು ಸಾಮಾನ್ಯವಾಗಿ ಜೊಳ್ಳಾಗುತ್ತವೆ, ಏಕೆಂದರೆ ಭ್ರೂಣಪೋಷ ಸರಿಯಾಗಿ ಬೆಳೆಯಲು ತಾಯಿಯ ಪಾಲು ಎರಡಕ್ಕೆ ತಂದೆಯ ಪಾಲು ಒಂದು ಇರಬೇಕು.